ಚಿಲಕದ ಮೇಲಿನ ಕೈ

ಕದ್ರಿ, ಮಂಗಳೂರು
೫ ಮೇ ೨೦೨೫

ಶ್ರೀಮತಿ ಕುಶಲಾ ಶೆಟ್ಟಿಯವರಿಗೆ ನಮಸ್ಕಾರ.

ನಿನ್ನೆಯ ಪೇಪರಿನಲ್ಲಿ ನಿಮ್ಮ ಅಣ್ಣ ಚಿತ್ತರಂಜನ ಶೆಟ್ಟಿಯವರು ಕೊಟ್ಟ ಜಾಹೀರಾತು ನೋಡಿದೆ. ಮೂರು ವರ್ಷದ ಹಿಂದೆ ತೀರಿಕೊಂಡ ಬಂಟ ವರನಿಗೆ ತೀರಿಕೊಂಡ ವಧು ಬೇಕು, ಆಟಿ ತಿಂಗಳಲ್ಲಿ ಪ್ರೇತ ಮದುವೆ ಮಾಡಿಸಲಿಕ್ಕುಂಟು ಎಂದು ಬರೆದಿದ್ದಾರೆ. ಕೆಳಗೆ ತಾಯಿ ಎಂದು ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಕೊಟ್ಟಿದ್ದಾರೆ. ನನಗೆ ಫೋನಿನಿಂದ ಪ್ರಯೋಜನವಿಲ್ಲ. ಹತ್ತು ವರ್ಷದಿಂದ ಎರಡೂ ಕಿವಿ ಪೂರ್ತಿ ಹೋಗಿವೆ. ಎದುರು ಕೂತವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇನೆ. ವಾಟ್ಸಪ್ ಮಾಡಿ ದೊಡ್ಡಮ್ಮ ಎನ್ನುತ್ತಾಳೆ ನನ್ನ ತಂಗಿಯ ಮಗಳು. ಹೆಣ್ಣು ಕೊಡುವ ಮಾತನ್ನು ಹೆಬ್ಬೆರಳಿನಲ್ಲಿ ಒತ್ತಿ ಆಡುವುದು ನನಗೆ ಸರಿ ಕಾಣುವುದಿಲ್ಲ. ಆದ್ದರಿಂದ ಈ ಕಾಗದ. ಅಣ್ಣನಿಗಲ್ಲದೆ ನಿಮಗೇ ಬರೆಯುತ್ತಿದ್ದೇನೆ, ಹೆತ್ತವರು ನೀವಲ್ಲವೇ.

ನನ್ನ ಮಗಳು ೧೯೯೩ರ ನವೆಂಬರಿನಲ್ಲಿ ಹುಟ್ಟಿದಳು. ಇಪ್ಪತ್ತೆಂಟು ದಿನ ಇದ್ದಳು. ಜ್ವರ ಬಂತು, ಹೋದಳು. ಹೆಸರೂ ಇಟ್ಟಿರಲಿಲ್ಲ. ಇದ್ದಿದ್ದರೆ ಈಗ ಮೂವತ್ತೊಂದು ತುಂಬಿರುತ್ತಿತ್ತು. ಮದುವೆಯಾಗದೆ ಹೋದ ಮಕ್ಕಳಿಗೆ ವಯಸ್ಸು ಬಂದಾಗ ಒಂದು ಜೋಡಿ ಮಾಡದಿದ್ದರೆ ಅವರಿಗೆ ಹಿರಿಯರ ಸಾಲಿನಲ್ಲಿ ಜಾಗವಿಲ್ಲ ಎಂದು ನಮ್ಮವರು ನಂಬಿಕೊಂಡು ಬಂದಿದ್ದಾರೆ. ನಾನು ಮೂವತ್ತಾರು ವರ್ಷ ಪ್ರೈಮರಿ ಟೀಚರ್ ಆಗಿದ್ದವಳು. ನಂಬುತ್ತೇನೆ ಎನ್ನಲು ನಾಚಿಕೆಯಾಗುತ್ತದೆ, ನಂಬುವುದಿಲ್ಲ ಎನ್ನಲು ಹೆದರಿಕೆಯಾಗುತ್ತದೆ.

ಹುಡುಗ ಎಂತ ಮಾಡಿಕೊಂಡಿದ್ದ? ಗುಣ ಹೇಗೆ? ಹೇಗೆ ತೀರಿಕೊಂಡ? ಕುಲ ಗೋತ್ರ ನೋಡಬೇಕಲ್ಲ, ನಿಮ್ಮ ಬರಿ ಯಾವುದು? ಸತ್ತವನ ಗುಣ ಕೇಳುತ್ತಾಳೆ ಎಂದು ನಗಬೇಡಿ. ನನಗೆ ಇರುವುದು ಒಬ್ಬಳೇ ಮಗಳು.

ಇತಿ,
ವಾರಿಜಾಕ್ಷಿ ಶೆಟ್ಟಿ


ಪಡೀಲ್
೧೦ ಮೇ ೨೦೨೫

ವಾರಿಜಾಕ್ಷಿ ಅಕ್ಕನವರಿಗೆ ಕುಶಲಾ ಮಾಡುವ ನಮಸ್ಕಾರಗಳು.

ಅಕ್ಕ ಎಂದು ಕರೆದದ್ದಕ್ಕೆ ತಪ್ಪು ತಿಳಿಯಬೇಡಿ. ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಕಾಗದ ಬರೆದು ಎಷ್ಟೋ ಕಾಲವಾಯಿತು, ಅಕ್ಷರ ಚಂದ ಇಲ್ಲದಿದ್ದರೆ ಕ್ಷಮಿಸಿ.

ನಮ್ಮ ಬರಿಯ ವಿವರ ಅಣ್ಣ ಬೇರೆ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ಇದರೊಟ್ಟಿಗೆ ಇಟ್ಟಿದ್ದೇನೆ. ನನ್ನ ಮಗನ ಹೆಸರು ಮೋಕ್ಷಿತ್. ೧೯೯೧ರಲ್ಲಿ ಹುಟ್ಟಿದವನು. ಅವನಿಗೆ ಹನ್ನೆರಡು ಇರುವಾಗ ನನ್ನ ಯಜಮಾನರು ಹೋದರು. ಅಣ್ಣನೇ ಓದಿಸಿದ್ದು. ಬಿಕಾಂ ಆಯಿತು. ಅಣ್ಣನ ಹೋಟೆಲಿನಲ್ಲಿ ಕೂರಬೇಕಾಗಿದ್ದವನು, ಕೂರಲಿಲ್ಲ. ಗಿಟಾರ್ ಹಿಡಿದು ಹಾಡು ಕಟ್ಟಿ ಹಾಡುತ್ತಿದ್ದ. ಸಿನಿಮಾದ್ದೂ ಅಲ್ಲ, ಭಜನೆಯೂ ಅಲ್ಲ, ತನ್ನದೇ ಹಾಡು, ತುಳುವಿನಲ್ಲಿ, ಕನ್ನಡದಲ್ಲಿ. ಯಾವ ಕಂಪೆನಿಯೂ ಇಲ್ಲ, ತಾನೇ ರೆಕಾರ್ಡ್ ಮಾಡಿ ತಾನೇ ಮೊಬೈಲಿಗೆ ಹಾಕುವುದು. ಈಗಲೂ ಭಾನುವಾರ ಸಂಜೆ ಕದ್ರಿ ಪಾರ್ಕಿನಲ್ಲಿ ಕಾಲೇಜು ಮಕ್ಕಳು ಸೇರಿ ಅವನ ಹಾಡು ಹಾಡುತ್ತಾರಂತೆ. ನಾನು ಹೋಗಿ ನೋಡಿಲ್ಲ.

ಜಾಂಡೀಸ್ ಆಗಿ ಹೋದ. ತುಂಬಾ ಸಾಧು. ಯಾವ ದುರಭ್ಯಾಸವೂ ಇರಲಿಲ್ಲ.

ಕಳೆದ ತಿಂಗಳು ಅಣ್ಣನ ಮನೆಯಲ್ಲಿ ಪ್ರಶ್ನೆ ಇಟ್ಟಾಗ, ಮನೆಯವನೊಬ್ಬ ಒಳಗೆ ಬರಲಾಗದೆ ಹೊರಗೆ ನಿಂತಿದ್ದಾನೆ ಎಂದು ಜೋಯಿಸರು ಹೇಳಿದರು. ಅದನ್ನು ಕೇಳಿದಲ್ಲಿಂದ ನನಗೆ ಅನ್ನ ಇಳಿಯುವುದಿಲ್ಲ. ದಯವಿಟ್ಟು ಬೇಗ ಉತ್ತರ ಬರೆಯಿರಿ. ಆಟಿ ಜುಲೈ ನಡುವಿಗೆ ಬಂದೇ ಬಿಡುತ್ತದೆ.

ನಿಮ್ಮ ವಿಶ್ವಾಸಿ,
ಕುಶಲಾ


ಕದ್ರಿ
೨೬ ಮೇ ೨೦೨೫

ಕುಶಲಾ ಅವರಿಗೆ,

ಬರಿ ಬೇರೆ ಬೇರೆಯಾಗಿದೆ, ಅಡ್ಡಿಯಿಲ್ಲ. ನಿನ್ನೆ ಭಾನುವಾರ, ಪಾರ್ಕಿಗೆ ಹೋಗಿದ್ದೆ. ನನ್ನ ಮನೆಯಿಂದ ನಡೆದರೆ ಹತ್ತು ನಿಮಿಷ. ಹುಡುಗನ ಮನೆ ನೋಡಲು ಹೋಗುವ ಕ್ರಮ ಉಂಟಲ್ಲ, ಹಾಗೆಂದುಕೊಳ್ಳಿ.

ಇಪ್ಪತ್ತು ಇಪ್ಪತ್ತೈದು ಮಕ್ಕಳು ಮರದ ಕೆಳಗೆ ಸುತ್ತ ಕೂತಿದ್ದರು. ಒಬ್ಬ ಗಿಟಾರ್ ಬಾರಿಸುತ್ತಿದ್ದ. ನನಗೆ ಒಂದು ಸ್ವರ ಕೇಳಿಸಲಿಲ್ಲ, ಬಾಯಿಗಳನ್ನು ನೋಡುತ್ತಾ ಬೆಂಚಿನಲ್ಲಿ ಕೂತೆ. ಎರಡು ಸಂಗತಿ ಕಂಡವು. ಒಂದು, ಅಷ್ಟು ಹೊತ್ತು ಒಬ್ಬರೂ ಮೊಬೈಲ್ ಮುಟ್ಟಲಿಲ್ಲ. ಮೂವತ್ತಾರು ವರ್ಷ ಮಕ್ಕಳನ್ನು ಸುಮ್ಮನೆ ಕೂರಿಸಲು ಒದ್ದಾಡಿದವಳು ನಾನು, ಅದರ ಬೆಲೆ ನನಗೆ ಗೊತ್ತು. ಎರಡು, ಒಂದು ಹಾಡಿನ ಕೊನೆಗೆ ಎಲ್ಲರೂ ಒಟ್ಟಿಗೆ ಬಾಯಿ ದೊಡ್ಡ ಮಾಡಿ, "ನಿಲ್ಲಿಸು ಮಾರಾಯ, ತಲೆ ನೋಯ್ತದೆ" ಎಂದು ಕೂಗಿ ನಕ್ಕರು. ತುಟಿ ಓದುವುದರಲ್ಲಿ ನಾನು ತಪ್ಪುವುದು ಕಡಿಮೆ. ಇದೆಂಥ ಹಾಡು?

ಕಿವುಡಿಗೆ ಹಾಡುಗಾರ ಅಳಿಯ ಎಂದು ನನ್ನ ತಂಗಿಯ ಮಗಳು ತಮಾಷೆ ಮಾಡುತ್ತಾಳೆ. ಒಂದು ಕೆಲಸ ಮಾಡಿ. ಅವನ ಹಾಡುಗಳನ್ನೆಲ್ಲ ಬರೆದು ಕಳಿಸಿ. ಮೊಬೈಲಿನಿಂದ ತೆಗೆದದ್ದು ಬೇಡ, ನಿಮ್ಮ ಕೈಯಲ್ಲೇ ಬರೆಯಿರಿ. ಓದಿ ಆಮೇಲೆ ಹೇಳುತ್ತೇನೆ.

ಇತಿ,
ವಾರಿಜಾಕ್ಷಿ


ಪಡೀಲ್
೧೨ ಜೂನ್ ೨೦೨೫

ವಾರಿಜಾಕ್ಷಿ ಅಕ್ಕನಿಗೆ,

ತಡವಾಯಿತು, ಬೇಸರ ಮಾಡಬೇಡಿ. ಒಂದು ನಿಜ ಹೇಳುತ್ತೇನೆ, ನನ್ನ ಮಗನ ಹಾಡನ್ನು ನಾನು ಪೂರ್ತಿ ಕೇಳಿದ್ದು ಈಗಲೇ. ಅವನಿರುವಾಗ ಮೇಲಿನ ಕೋಣೆಯಿಂದ ಗಿಟಾರಿನ ಸದ್ದು ಬಂದರೆ ನನಗೆ ಒಂದೇ ಚಿಂತೆ, ಇವತ್ತೂ ಕೆಲಸಕ್ಕೆ ಹೋಗಲಿಲ್ಲವಲ್ಲ ಎಂದು. ಹಾಡು ಕಿವಿಗೆ ಬೀಳುತ್ತಲೇ ಇರಲಿಲ್ಲ.

ಮಗಳು ಮನ್ವಿತಾ ಇಯರ್‌ಫೋನ್ ಕೊಟ್ಟು ಕಲಿಸಿಕೊಟ್ಟಳು. ಒಂದು ಸಾಲು ಕೇಳುವುದು, ನಿಲ್ಲಿಸುವುದು, ಬರೆಯುವುದು. ಒಂದು ಹಾಡಿಗೆ ಎರಡು ದಿನ ಹಿಡಿಯಿತು. ತೊಕ್ಕೊಟ್ಟು ಜಂಕ್ಷನ್ನಿನಲ್ಲಿ ಬುಟ್ಟಿ ಇಟ್ಟುಕೊಂಡು ಬಸ್ಸು ಕಾಯುವ ಮೀನಿನ ಹೆಂಗಸಿನ ಮೇಲೆ ಒಂದು ಉಂಟು. ಎಲ್ಲ ಬಸ್ಸೂ ಅವಳನ್ನು ಬಿಟ್ಟು ಹೋಗುತ್ತವೆ, ಅವಳು ಬಸ್ಸುಗಳಿಗೆ ಒಂದೊಂದು ಬೈಗುಳದ ಹೆಸರು ಇಡುತ್ತಾಳೆ. ಓದಿದರೆ ನೀವು ನಗುತ್ತೀರಿ. ಅವನ ಅಪ್ಪನ ಅಂಗಿಯನ್ನು ಅವನಿಗೇ ಅಳತೆ ತಗ್ಗಿಸಿ ಹೊಲಿಸಿ ಕೊಟ್ಟಿದ್ದೆ, ಅದರ ಮೇಲೂ ಒಂದು ಉಂಟು. ಅದನ್ನು ಅವನು ನೆನಪಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ.

ನೀವು ಕೇಳಿದ ಸಾಲು ನನ್ನದು ಅಕ್ಕ. ಅವನು ಮನೆಯಲ್ಲಿ ರೆಕಾರ್ಡ್ ಮಾಡುವಾಗ ಕೆಳಗಿನಿಂದ ನಾನು ಬೊಬ್ಬೆ ಹಾಕಿದ್ದು. ಹಿಂದೆ ಕುಕ್ಕರಿನ ಸೀಟಿಯೂ ಕೇಳುತ್ತದೆ. ಅದನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದಾನೆ. ನನ್ನ ಬೈಗುಳವನ್ನು ಊರ ಮಕ್ಕಳೆಲ್ಲ ಹಾಡುತ್ತಾರೆ ಎಂದು ನಿಮ್ಮ ಕಾಗದದಿಂದಲೇ ತಿಳಿದದ್ದು. ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ, ಎರಡೂ ಬಂತು.

ಒಟ್ಟು ಏಳು ಹಾಡು. ಇರುವುದು ಇಷ್ಟೇ. ಓದಿ ಆದಷ್ಟು ಬೇಗ ಒಂದು ಮಾತು ತಿಳಿಸಿ. ಪೋಸ್ಟಿನವರ ಸ್ಕೂಟರ್ ಸದ್ದು ಕೇಳಿದರೆ ಒಲೆಯ ಮೇಲಿದ್ದದ್ದನ್ನು ಬಿಟ್ಟು ಹೊರಗೆ ಬರುತ್ತೇನೆ.

ನಿಮ್ಮ,
ಕುಶಲಾ


ಕದ್ರಿ
೨೦ ಜೂನ್ ೨೦೨೫

ಕುಶಲಾ ಅವರಿಗೆ,

ಏಳು ಹಾಡನ್ನೂ ಓದಿದೆ. ಚೆನ್ನಾಗಿವೆ. ಮೀನಿನ ಹೆಂಗಸಿನದನ್ನು ಎರಡು ಸಲ ಓದಿದೆ.

ಮೊನ್ನೆ ಪಾರ್ಕಿನ ಮಕ್ಕಳ ಹತ್ತಿರ ಕೇಳಿದೆ, ಹಾಡು ರೆಕಾರ್ಡ್ ಮಾಡುವಾಗ ಇವನೊಟ್ಟಿಗೆ ಇರುತ್ತಿದ್ದವರು ಯಾರು ಎಂದು. ತೊಕ್ಕೊಟ್ಟಿನ ಡೆರಿಲ್ ಎಂದರು. ಬಸ್ಸು ಹಿಡಿದು ಹೋದೆ. ಒಳ್ಳೆಯ ಹುಡುಗ, ಪಾಪ, ನನಗೆ ತಿಳಿಯಲೆಂದು ನಿಧಾನಕ್ಕೆ ತುಟಿ ಆಡಿಸಿದ. ಹಾಡು ಏಳಲ್ಲ, ಎಂಟು ಎಂದ. ಎಂಟನೆಯದು ಎಲ್ಲಿಯೂ ಹೊರಗೆ ಬಂದಿಲ್ಲ, ಪೆನ್‌ಡ್ರೈವಿನಲ್ಲಿ ಹಾಕಿ ಉತ್ತರಕ್ರಿಯೆಯ ಬೊಜ್ಜದ ದಿನ ಅಮ್ಮನ ಕೈಯಲ್ಲಿಯೇ ಕೊಟ್ಟೆ ಎಂದ. ಜಾಂಡೀಸ್ ಎಂದು ನೀವು ಬರೆದದ್ದು ತಲೆಯಲ್ಲಿತ್ತು, ಮೋಕ್ಷಿತ್ ಕುಡಿಯುತ್ತಿದ್ದನಾ ಎಂದು ಕೇಳಿದೆ. ಅವನು ನೆಲ ನೋಡಿದ. ಆಮೇಲೆ ಒಂದು ವಿಡಿಯೊ ತೋರಿಸಿದ. ಯಾವುದೋ ಕಾಲೇಜಿನ ಸ್ಟೇಜಿನಲ್ಲಿ ನಿಮ್ಮ ಮಗ ನಿಲ್ಲಲಾಗದೆ ಮೈಕಿನ ಕಂಬ ಹಿಡಿದುಕೊಂಡಿದ್ದಾನೆ, ಎದುರಿನವರು ಕೂಗುತ್ತಿದ್ದಾರೆ, ಇವನು ಕೂತು ಅಳುತ್ತಿದ್ದಾನೆ.

ಯಾವ ದುರಭ್ಯಾಸವೂ ಇರಲಿಲ್ಲ ಎಂದು ಬರೆದಿರಿ. ಇರುವುದು ಇಷ್ಟೇ ಎಂದೂ ಬರೆದಿರಿ.

ನನ್ನ ಗಂಡ ಕುಡಿಯುತ್ತಿದ್ದರು. ಮಗುವಿಗೆ ಜ್ವರ ಏರಿದ ದಿನ ಬೈಕ್ ತೆಗೆದುಕೊಂಡು ಮಧ್ಯಾಹ್ನವೇ ಹೋಗಿದ್ದರು. ನಾನು ಹಸಿ ಬಾಣಂತಿ, ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿ ರಿಕ್ಷಾಕ್ಕೆ ಕೈ ಅಡ್ಡ ಹಿಡಿದೆ. ಆಸ್ಪತ್ರೆಯಲ್ಲಿ, ಒಂದು ಗಂಟೆ ಮೊದಲು ತಂದಿದ್ದರೆ ಎಂದರು. ಆ ಒಂದು ಗಂಟೆಯನ್ನು ಮೂವತ್ತೊಂದು ವರ್ಷದಿಂದ ನಾನು ಹೊತ್ತುಕೊಂಡಿದ್ದೇನೆ. ಇದ್ದಾಗ ಅವಳನ್ನು ಕುಡುಕನ ಕೈಗೆ ಕೊಟ್ಟಾಗಿತ್ತು. ಸತ್ತ ಮೇಲೂ ಕೊಡುವುದಿಲ್ಲ. ಬೇರೆ ಕಡೆ ನೋಡಿ.

ವಾರಿಜಾಕ್ಷಿ ಶೆಟ್ಟಿ


ಪಡೀಲ್
೨೪ ಜೂನ್ ೨೦೨೫

ಅಕ್ಕ,

ದಯವಿಟ್ಟು ಬಾಗಿಲು ಹಾಕಬೇಡಿ. ನಿನ್ನೆ ಕದ್ರಿಗೆ ಬಂದಿದ್ದೆ. ನಿಮ್ಮ ಮನೆಯ ಮೆಟ್ಟಿಲವರೆಗೆ ಬಂದು, ಧೈರ್ಯ ಸಾಲದೆ ಹಿಂದೆ ಹೋದೆ. ಅಣ್ಣನಿಗೆ ಇನ್ನೂ ಹೇಳಿಲ್ಲ. ಅವರು ಹಾಲ್‌ನವರ ಹತ್ತಿರ, ಅಡುಗೆಯವರ ಹತ್ತಿರ ಮಾತಾಡಲು ಶುರು ಮಾಡಿದ್ದಾರೆ. ಮೋಕ್ಷಿತ್ ಇದ್ದಾಗ ಎರಡು ಕಡೆ ಹೆಣ್ಣು ಕೇಳಿದ್ದೆವು, ಎರಡೂ ಕಡೆಯವರು ಇದೇ ಮಾತು ಹೇಳಿದ್ದರು. ಮೂರನೆಯ ಸಲವೂ ಕೇಳುವ ಹಾಗಾಯಿತು. ಸುಳ್ಳು ಬರೆದದ್ದು ನನ್ನ ತಪ್ಪು, ಅವನದ್ದಲ್ಲ. ನನಗೆ ಸ್ವಲ್ಪ ದಿನ ಕೊಡಿ. ಎಲ್ಲ ಬರೆಯುತ್ತೇನೆ. ಎಂಟನೆಯದನ್ನು ನಾನೂ ಕೇಳಿಲ್ಲ.

ಕುಶಲಾ


ಪಡೀಲ್
೬ ಜುಲೈ ೨೦೨೫

ವಾರಿಜಾಕ್ಷಿ ಅಕ್ಕನಿಗೆ,

ನೀವು ಇದನ್ನು ಒಡೆಯುತ್ತೀರೋ ಇಲ್ಲವೋ ಗೊತ್ತಿಲ್ಲ. ಒಡೆಯದಿದ್ದರೂ ಬರೆದು ಮುಗಿಸಲೇಬೇಕು.

ಅವನು ಕುಡಿಯುತ್ತಿದ್ದ. ಇಪ್ಪತ್ತೈದರಿಂದ ಶುರು. ಮೊದಲು ಸ್ಟೇಜಿಗೆ ಹತ್ತಲು ಹೆದರಿಕೆ ಎಂದು ಕುಡಿದ, ಆಮೇಲೆ ಸ್ಟೇಜಿನಿಂದ ಇಳಿದ ಮೇಲೆ ತಲೆಯೊಳಗಿನ ಸದ್ದು ನಿಲ್ಲುವುದಿಲ್ಲ ಎಂದು ಕುಡಿದ. ಎರಡು ಸಲ ಬಿಡಿಸುವ ಕೇಂದ್ರದಲ್ಲಿ ಇಟ್ಟೆವು. ಒಳ್ಳೆಯ ತಿಂಗಳುಗಳೂ ಇದ್ದವು. ಆಗ ಬೆಳಿಗ್ಗೆ ಎದ್ದು ತೆಂಗಿನಕಾಯಿ ತುರಿದು ಕೊಡುತ್ತಿದ್ದ, ಹಾಡಿಕೊಂಡು. ನಾನು ಮಾತ್ರ ಆ ತಿಂಗಳುಗಳಲ್ಲಿಯೂ ಅವನ ಬಾಯಿಯ ವಾಸನೆ ಹಿಡಿಯಲು ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅವನಿಗೆ ಅದು ಗೊತ್ತಿತ್ತು, ಬಾಯಿ ತೆರೆದು ತೋರಿಸಿ ನಗುತ್ತಿದ್ದ.

೨೦೨೨ರ ಏಪ್ರಿಲ್ ೨೪, ಮನ್ವಿತಾಳ ನಿಶ್ಚಿತಾರ್ಥ, ನಮ್ಮ ಮನೆಯಲ್ಲಿಯೇ. ಅವನು ಆಗ ತೊಕ್ಕೊಟ್ಟಿನಲ್ಲಿ ರೂಮು ಮಾಡಿಕೊಂಡಿದ್ದ. ಬೆಳಿಗ್ಗೆಯೇ ಬರುತ್ತೇನೆ ಎಂದಿದ್ದವನು ಬಂದಾಗ ಮಧ್ಯಾಹ್ನ ಒಂದೂವರೆ. ಗಂಡಿನ ಕಡೆಯವರು ಊಟಕ್ಕೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಕಾಲು ಮಾತ್ರ ನೆಲದಲ್ಲಿ ನಿಲ್ಲುತ್ತಿರಲಿಲ್ಲ. ಯಾರಾದರೂ ನೋಡುತ್ತಾರೆ ಎಂದು ನಾನು ಗೇಟಿಗೆ ಓಡಿದೆ. ಚಿಲಕ ಹಿಡಿದುಕೊಂಡು, "ಇವತ್ತು ಒಳಗೆ ಬರಬೇಡ ಮೋಕ್ಷಿ, ನಿನಗೆ ಕೈ ಮುಗೀತೇನೆ" ಎಂದೆ. ಅವನು ಎಂತ ಹೇಳಿದ ಗೊತ್ತುಂಟಾ ಅಕ್ಕ? "ಆಯ್ತಮ್ಮ" ಎಂದ. ಅಷ್ಟೇ. ತಿರುಗಿ ಹೋದ.

ಮೂರನೆಯ ದಿನ ಡೆರಿಲ್ ಫೋನ್ ಮಾಡಿದ. ರೂಮಿನಲ್ಲಿ ರಕ್ತ ಕಾರಿಕೊಂಡಿದ್ದನಂತೆ. ಆಸ್ಪತ್ರೆಗೆ ಮುಟ್ಟುವಾಗ ಜೀವ ಇರಲಿಲ್ಲ. ಜಾಂಡೀಸ್ ಇದ್ದದ್ದು ಸುಳ್ಳಲ್ಲ, ಆದರೆ ಅದು ಕುಡಿತದಿಂದಲೇ ಬಂದದ್ದು.

ಬೊಜ್ಜದ ಸಂಜೆ ಹೋದವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯುವ ಕ್ರಮ ಉಂಟಲ್ಲ. ತಾಯಿ ಕರೆಯಲಿ ಎಂದರು. ನಾನು ಬಾಗಿಲಲ್ಲಿ ನಿಂತೆ. ಬಾಯಿ ಬರಲಿಲ್ಲ. ಬರಬೇಡ ಎಂದ ಬಾಯಿಯಲ್ಲಿ ಬಾ ಎಂದು ಹೇಗೆ ಹೇಳುವುದು? ಅಣ್ಣನೇ ಕರೆದರು. ದುಃಖದಲ್ಲಿದ್ದಾಳೆ ಎಂದು ಎಲ್ಲರೂ ತಿಳಿದುಕೊಂಡರು. ಜೋಯಿಸರು ಒಬ್ಬ ಹೊರಗೆ ನಿಂತಿದ್ದಾನೆ ಎಂದಾಗ ಅಣ್ಣನಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಮಗ ನನ್ನ ಮಾತು ಕೇಳಿಕೊಂಡು ಗೇಟಿನ ಹೊರಗೇ ನಿಂತಿದ್ದಾನೆ. ಮದುವೆಯಾದರೆ ಸೊಸೆಯ ನೆವದಲ್ಲಾದರೂ ಅವನನ್ನು ಕರೆಯಬಹುದಲ್ಲ ಎಂದು ನನಗೆ ಆಸೆ. ಇದೇ ನನ್ನ ಗುಟ್ಟು, ಅಣ್ಣನಿಗೂ ಗೊತ್ತಿಲ್ಲ.

ಎಂಟನೆಯ ಹಾಡು ಅವನು ಆ ನಿಶ್ಚಿತಾರ್ಥದ ಮರುದಿನ ಡೆರಿಲ್‌ನ ಹತ್ತಿರ ಹಾಡಿದ್ದು. ನನ್ನನ್ನು ಶಪಿಸಿರುತ್ತಾನೆ ಎಂದು ಹೆದರಿ ಮೂರು ವರ್ಷ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೆ. ನಿಮ್ಮ ಕಾಗದ ಬಂದ ಮೇಲೆ ಮನ್ವಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಹೀಗೆ ಉಂಟು:

ಗೇಟಿನ ಹೊರಗೆ ನಿಂತರೂ
ಕೋಳಿ ಸುಕ್ಕದ ಪರಿಮಳ ಬರ್ತದೆ
ತಂಗಿ ಹಳದಿ ಸೀರೆ ಉಟ್ಟಿದ್ದಾಳೆ
ಕತ್ತು ಓರೆ ಮಾಡಿ ನಗ್ತಾಳೆ

ಅಮ್ಮನ ಮಾತು ಮುಗಿದಿದೆ
ಅಮ್ಮನ ಕೈ ಚಿಲಕದ ಮೇಲುಂಟು
ಹಾಕುವುದೂ ಇಲ್ಲ, ತೆಗೆಯುವುದೂ ಇಲ್ಲ
ತಿರುವಿನವರೆಗೂ ನಾನು ಹಿಂದೆ ನೋಡ್ತಾ ನಡೆದೆ

ಅಷ್ಟೇ. ಆಮೇಲೆ ಕೆಮ್ಮುತ್ತಾನೆ. ಉಳಿದದ್ದು ನಾಳೆ ಡೆರಿಲ್, ಎನ್ನುತ್ತಾನೆ. ಮುಗಿಯಿತು.

ನಿಜ ಅಕ್ಕ. ಅವನು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ನನ್ನ ಕೈ ಚಿಲಕದ ಮೇಲೆಯೇ ಇತ್ತು. ನಾನು ತಲೆ ತಗ್ಗಿಸಿಯೇ ಇದ್ದೆ, ಅವನೂ ಹಿಂದೆ ನೋಡಲಿಲ್ಲ ಎಂದುಕೊಂಡಿದ್ದೆ.

ಇನ್ನು ನಿಮ್ಮ ಇಷ್ಟ. ಒತ್ತಾಯ ಮಾಡುವುದಿಲ್ಲ.

ಕುಶಲಾ


ಕದ್ರಿ
೧೫ ಜುಲೈ ೨೦೨೫

ಕುಶಲಾ,

ನೀನು ಎಂದೇ ಬರೆಯುತ್ತೇನೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು.

ಕಾಗದ ಒಡೆಯದೆ ಎರಡು ದಿನ ಇಟ್ಟಿದ್ದೆ. ಮೂರನೆಯ ದಿನ ಒಡೆದೆ. ನಾಲ್ಕೈದು ದಿನದಿಂದ ಅದನ್ನು ತಲೆಯಲ್ಲಿ ಇಟ್ಟುಕೊಂಡು ಮನೆಯೊಳಗೇ ತಿರುಗುತ್ತಿದ್ದೇನೆ.

ಕುಡುಕರೆಲ್ಲ ಒಂದೇ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ನನ್ನ ಗಂಡ ಎಷ್ಟೋ ಸಲ ನಮ್ಮ ಮನೆಯ ಗೇಟು ದಾಟಿ ಹೋಗಿದ್ದಾರೆ, ಮಗುವಿಗೆ ಜ್ವರ ಇದ್ದ ದಿನವೂ ಹೋದರು. ಒಂದು ದಿನವೂ ಹಿಂದೆ ನೋಡುತ್ತಾ ನಡೆದವರಲ್ಲ. ಹಿಂದೆ ನೋಡುತ್ತಾ ನಡೆಯುವವನಿಗೆ ನನ್ನ ಮಗಳನ್ನು ಕೊಡಬಹುದು ಎಂದು ನನಗೆ ಕಾಣುತ್ತದೆ. ನೋಡಿಕೊಳ್ಳುತ್ತಾನೆ.

ಕೋಪ ಪೂರ್ತಿ ಇಳಿದಿದೆ ಎಂದು ತಿಳಿಯಬೇಡ. ಸುಳ್ಳು ಬರೆದದ್ದಕ್ಕೆ ನಿನಗೆ ಬಯ್ಯಲಿಕ್ಕುಂಟು, ಅದನ್ನು ಎದುರು ಕೂತೇ ಬಯ್ಯುತ್ತೇನೆ.

ಆಗಸ್ಟ್ ೩, ಭಾನುವಾರ, ಸಂಜೆ ನಾಲ್ಕು ಗಂಟೆಗೆ ನಮ್ಮ ಮನೆಯಲ್ಲಿಯೇ ಧಾರೆ ಆಗಲಿ. ಹಾಲ್ ಎಲ್ಲ ಬೇಡ ಎಂದು ನಿನ್ನ ಅಣ್ಣನಿಗೆ ಹೇಳು. ಮದುವೆಯಾಗದವರು, ಮಕ್ಕಳು ನೋಡಬಾರದು ಎಂಬ ಕ್ರಮ ಉಂಟು, ಆದ್ದರಿಂದ ಪಾರ್ಕಿನ ಮಕ್ಕಳನ್ನು ಕರೆಯುವ ಹಾಗಿಲ್ಲ. ಅವರಿಗೆ ಬೇರೆ ದಿನ ಊಟ ಹಾಕೋಣ. ಧಾರೆ ಸೀರೆ ನೀವು ತರಬೇಕು, ಹಸಿರು ಬೇಡ. ಧಾರೆಯಾದ ಮೇಲೆ ಅವಳನ್ನು ಕರೆದುಕೊಂಡು ಹೋಗಿ. ಹೆಣ್ಣಿನ ತಾಯಿ ನಾನು, ಇಲ್ಲಿಯೇ ಇರುತ್ತೇನೆ.

ಒಂದು ಷರತ್ತು ಉಂಟು. ನನ್ನ ಮಗಳನ್ನು ಇದುವರೆಗೆ ಯಾರೂ ಹೆಸರು ಹಿಡಿದು ಕರೆದಿಲ್ಲ. ಹೊಟ್ಟೆಯಲ್ಲಿರುವಾಗಲೇ ನಾನೊಂದು ಹೆಸರು ಇಟ್ಟುಕೊಂಡಿದ್ದೆ, ಗಂಡನಿಗೂ ಹೇಳಿರಲಿಲ್ಲ. ಮಲ್ಲಿಕಾ. ನಿನ್ನ ಮನೆಯ ಗೇಟಿನಲ್ಲಿ ಅವಳನ್ನು ಆ ಹೆಸರು ಹಿಡಿದು ನೀನೇ ಒಳಗೆ ಕರೆಯಬೇಕು, ಅಣ್ಣ ಅಲ್ಲ, ಮನ್ವಿತಾ ಅಲ್ಲ. ಸೊಸೆಯನ್ನು ಕರೆಯಲು ನಿನ್ನ ಬಾಯಿಗೆ ಏನೂ ತಡೆ ಇಲ್ಲವಲ್ಲ. ಅವಳನ್ನು ಕರೆ. ಅವಳ ಹಿಂದೆ ನಿಂತವನು ತಾನೇ ಬರುತ್ತಾನೆ.

ಇತಿ,
ವಾರಿಜಾಕ್ಷಿ


ಪಡೀಲ್
೪ ಆಗಸ್ಟ್ ೨೦೨೫

ಅಕ್ಕ,

ನಿನ್ನೆ ನಿಮ್ಮ ಅಂಗಳದಿಂದ ಹೊರಟವರು ಆರೂಕಾಲಕ್ಕೆ ಮನೆ ಮುಟ್ಟಿದೆವು. ನೀವು ಕಾರಿನ ಕಿಟಕಿಯಲ್ಲಿ ಕೈ ಇಟ್ಟುಕೊಂಡೇ ಇದ್ದಿರಿ, ತೆಗೆಯಿರಿ ಎನ್ನಲು ಡ್ರೈವರಿಗೂ ಮನಸ್ಸು ಬರಲಿಲ್ಲ. ಮಗಳು ಹೋದ ಮೇಲೆ ಅವಳ ಮನೆ ಮುಟ್ಟಿದಳೋ ಇಲ್ಲವೋ ಎಂದು ನಿಮಗೆ ಒಳಗೊಳಗೆ ಕುದಿಯುತ್ತಿರಬಹುದು. ಅದಕ್ಕೆ ಬೆಳಿಗ್ಗೆಯೇ ಬರೆಯಲು ಕೂತೆ.

ಕುಂಕುಮ ಬಣ್ಣದ ಧಾರೆ ಸೀರೆ, ಅವನ ಪಂಚೆ ಶಲ್ಯ, ಅವೇ ಮದುಮಕ್ಕಳೆಂದು ಎರಡನ್ನೂ ಒಂದೇ ಮಣೆಯಲ್ಲಿ ಇಟ್ಟು ಅಣ್ಣ ಎತ್ತಿಕೊಂಡು ಇಳಿದರು. ನಾನು ಮುಂದಿನ ಕಾರಿನಲ್ಲಿ ಬಂದು ಗೇಟು ಮತ್ತೆ ಹಾಕಿಸಿ ಒಳಗೆ ಆರತಿ ಹಿಡಿದು ನಿಂತಿದ್ದೆ. ಮಳೆಗೆ ತುಕ್ಕು ಹಿಡಿದ ಚಿಲಕ ಬಿಗಿದು ಕೂತಿತ್ತು. ಮನ್ವಿತಾಳ ಗಂಡ ತೆಗೆಯಲು ಬಂದರು. ಬೇಡ ಎಂದೆ. ಆರತಿಯನ್ನು ಮನ್ವಿತಾಳ ಕೈಗೆ ಕೊಟ್ಟು ನಾನೇ ಎಳೆದೆ. ಎರಡು ಸಲ ಎಳೆದರೂ ಬರಲಿಲ್ಲ ಅಕ್ಕ. ನನ್ನಿಂದ ಇದು ಆಗುವುದೇ ಇಲ್ಲವೋ ಎಂದುಕೊಂಡು ಸೆರಗು ಸುತ್ತಿ ಹಿಡಿದೆ. ಮೂರನೆಯ ಸಲಕ್ಕೆ ಬಂತು.

"ಮಲ್ಲಿಕಾ, ಒಳಗೆ ಬಾ ಮಗಾ" ಎಂದೆ. ನೀವು ಬರೆದದ್ದು ಸರಿ, ಅದಕ್ಕೆ ಏನೂ ತಡೆಯಾಗಲಿಲ್ಲ. ಅಣ್ಣ ಮಣೆ ಹಿಡಿದುಕೊಂಡು ಒಂದು ಹೆಜ್ಜೆ ಒಳಗೆ ಇಟ್ಟರು. ತಾನೇ ಬರುತ್ತಾನೆ ಎಂದು ನೀವು ಬರೆದಿದ್ದಿರಿ. ಆದರೆ ಅವನು ನನ್ನ ಮಾತು ಕೇಳುವ ಮಗ, ಬರಬೇಡ ಎಂದದ್ದಕ್ಕೆ ಮೂರು ವರ್ಷ ನಿಂತವನು. ಕರೆಯದೆ ಹೇಗೆ ಬರುತ್ತಾನೆ? ಎಲ್ಲರ ಎದುರಿಗೇ, "ಮೋಕ್ಷಿ, ನೀನೂ ಬಾ. ಊಟ ತಣೀತದೆ" ಎಂದೆ. ಅಣ್ಣ ನನ್ನ ಮುಖ ನೋಡಿದರು. ಅವರಿಗೆ ಆಗ ಅರ್ಥವಾಯಿತು ಎಂದು ಕಾಣುತ್ತದೆ. ಮಣೆ ಹಿಡಿದು ಎರಡನೆಯ ಹೆಜ್ಜೆ ಇಟ್ಟರು.

ಒಳಗೆ ಎರಡು ಎಲೆ ಹಾಕಿದೆವು. ಅವನಿಗೆ ಕೋಳಿ ಸುಕ್ಕ, ಮೀನು ಹುರಿದದ್ದು, ನೀರುದೋಸೆ. ಮಲ್ಲಿಕಾಳ ಎಲೆಗೂ ಅದೇ ಬಡಿಸಿದರು. ನನಗೆ ಸಮಾಧಾನವಾಗಲಿಲ್ಲ. ಇಪ್ಪತ್ತೆಂಟು ದಿನದ ಮಗು ಹಾಲು ಬಿಟ್ಟು ಬೇರೆ ಎಂತ ಕಂಡಿದೆ? ಅವಳ ಎಲೆಯ ಬದಿಯಲ್ಲಿ ಒಂದು ಸಣ್ಣ ಲೋಟದಲ್ಲಿ ಹಾಲು ಇಟ್ಟೆ. ಹೆಚ್ಚು ಬಿಸಿ ಮಾಡಿಲ್ಲ.

ಮುಂದಿನ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ, ಬಯ್ಯುವುದಿದ್ದರೆ ಬಯ್ಯಿರಿ. ಆಮೇಲೆ ಇಬ್ಬರೂ ಪಾರ್ಕಿಗೆ ಹೋಗೋಣ. ಎಂಟನೆಯ ಹಾಡನ್ನು ಆ ಮಕ್ಕಳಿಗೆ ಕಲಿಸಲು ಡೆರಿಲ್‌ಗೆ ಒಪ್ಪಿಗೆ ಕೊಟ್ಟಿದ್ದೇನೆ. ಅವರು ಹಾಡುವಾಗ ನೀವು ತುಟಿ ನೋಡಿ, ನಾನು ಕೇಳುತ್ತೇನೆ. ಉಳಿದ ಸಾಲು ಸೇರಿಸಿ ಮುಗಿಸುವುದಾ ಎಂದು ಡೆರಿಲ್ ಕೇಳಿದ. ಬೇಡ ಎಂದೆ, ಅವನು ಎಲ್ಲಿ ನಿಲ್ಲಿಸಿದ್ದಾನೋ ಅಲ್ಲಿಯೇ ಇರಲಿ.

ಗೇಟಿಗೆ ಚಿಲಕ ಹಾಕಿಲ್ಲ. ಬೀದಿ ನಾಯಿ ಬರುತ್ತದೆ ಎಂದು ಮನ್ವಿತಾ ಗದರಿದಳು. ಬಂದರೆ ಬರಲಿ ಎಂದೆ.

ನಿಮ್ಮ ಬೀಗತಿ,
ಕುಶಲಾ